ಮೂರನೇ ಮಹಡಿಯ ಚೆಲ್ಲೊ

ನಮ್ಮ ಕಟ್ಟಡದ ನಿಯಮ ಪುಸ್ತಕದಲ್ಲಿ ಒಂದು ಸಾಲಿದೆ: ಮನೆಗಳಲ್ಲಿ ವಾದ್ಯ ನುಡಿಸುವಂತಿಲ್ಲ. ಮೂರನೇ ಮಹಡಿಯ ಮಿತ್ಸುಹಾಶಿ ಯಾಸುಯೊ ಅದನ್ನು ಮುರಿದಿದ್ದಾರೆಂದು ಎಲ್ಲರೂ ನಂಬಿದ್ದರು. ನಂಬಿಸಿದವಳು ನಾನೇ.

ಯಾಸುಯೊ ಅವರಿಗೆ ಐವತ್ತೇಳು. ಹಮಾಮಾತ್ಸು ನಗರದ ಶಾಲೆಗಳಿಗೆ ಊಟ ಕಳಿಸುವ ಅಡುಗೆಮನೆಯಲ್ಲಿ ಕೆಲಸ. ಬೆಳಗ್ಗೆ ಆರಕ್ಕೆ ಹೊರಟು, ಎರಡು ಸಾವಿರ ಮಕ್ಕಳ ಮಿಸೊ ಸಾರು ಕಲಕಿ, ಎರಡೂವರೆಗೆ ವಾಪಸು. ಒಂಟಿ ಹೆಂಗಸು. ಅವರ ಮನೆ ಸರಿಯಾಗಿ ನಮ್ಮ ಮನೆಯ ಮೇಲಿದೆ. ಮೇ ತಿಂಗಳಲ್ಲಿ ಕಿಟಕಿ ತೆರೆದಿಡಲು ಶುರುಮಾಡಿದ್ದೇ ತಡ, ಮೂರು ಗಂಟೆಯಾದರೆ ಮೇಲಿನಿಂದ ಚೆಲ್ಲೊ ಕೇಳತೊಡಗಿತು. ಪಿಟೀಲಿನ ಹಿರಿಯಣ್ಣನಂಥ, ನೆಲಕ್ಕೂರಿ ನುಡಿಸುವ ಆ ವಾದ್ಯದ ಗುಂಯ್‌ಕಾರ ಎದೆಯೊಳಗೇ ಇಳಿಯುತ್ತದೆ. ಮೂರು ಗಂಟೆಯೆಂದರೆ ನನ್ನ ಫೂಕಾ ಮಲಗುವ ಹೊತ್ತು. ಆರು ತಿಂಗಳ ಕೂಸು, ಸರಿಯಾಗಿ ನಿದ್ದೆಯಾಗದಿದ್ದರೆ ಬೆಳವಣಿಗೆಯೇ ನಿಂತುಹೋದೀತೇನೋ ಎಂದು ನಾನು ಗಡಿಯಾರ ನೋಡುತ್ತ ಕೂರುವವಳು.

ನಮ್ಮ ಮೆಟ್ಟಿಲಿಗೆ ಸೇರಿದ ಹತ್ತು ಮನೆಗಳ ಉಸ್ತುವಾರಿ ಆ ವರ್ಷ ಸರದಿಯಂತೆ ನನ್ನದಾಗಿತ್ತು. ಸುತ್ತೋಲೆ ಬರೆದು ಹಲಗೆಗೆ ಸಿಕ್ಕಿಸಿ ಕಳಿಸಬೇಕು; ಓದಿದವರು ತಮ್ಮ ಹೆಸರಿನ ಚೌಕದಲ್ಲಿ ಮುದ್ರೆಯೊತ್ತಿ ಪಕ್ಕದ ಮನೆಯ ಬಾಗಿಲಿಗೆ ತೂಗುಹಾಕಬೇಕು. ದೂರು ಬರೆಯುವಾಗ ಹೆಸರೆತ್ತುವುದು ನಮ್ಮಲ್ಲಿ ಸಭ್ಯತೆಯಲ್ಲ. ‘ಯಾರೋ ಒಬ್ಬರು ಮಧ್ಯಾಹ್ನ ಚೆಲ್ಲೊ ಅಭ್ಯಾಸ ಮಾಡುತ್ತಿದ್ದಾರೆ, ದಯವಿಟ್ಟು ನಿಲ್ಲಿಸಬೇಕು’ ಎಂದು ಬರೆದೆ. ಅಷ್ಟಕ್ಕೇ ಸುಮ್ಮನಿರಲಾಗದೆ, ‘ಪ್ರತಿಸಲವೂ ಒಂದೇ ಜಾಗದಲ್ಲಿ ಶ್ರುತಿ ತಪ್ಪುತ್ತದೆ’ ಎಂದೂ ಸೇರಿಸಿದೆ.

ಹಲಗೆ ತಿರುಗಿ ಬಂದಾಗ ಹತ್ತೂ ಮುದ್ರೆಗಳಿದ್ದವು. ಯಾಸುಯೊ ಅವರ ಮುದ್ರೆಯ ಪಕ್ಕ ಮಾತ್ರ ಪೆನ್ನಿನಲ್ಲಿ ಒಂದು ಸಾಲು: ‘ನನ್ನ ಹತ್ತಿರ ಚೆಲ್ಲೊ ಇಲ್ಲ.’ ಮರುದಿನ ಮೂರಕ್ಕೆ ಮತ್ತೆ ಚೆಲ್ಲೊ!

ಒಂದನೇ ಮಹಡಿಯ ನುಕುಯಿ ನಿವಾಸಿಗಳ ಸಂಘದ ಅಧ್ಯಕ್ಷರು. ಅವರಿಗೆ ಸಿಟ್ಟು ನೆತ್ತಿಗೇರಿತು. ಭಾನುವಾರ ಸಭೆ ಕರೆದರು.

“ಮಿತ್ಸುಹಾಶಿಯವರೇ, ಈ ತಿಂಗಳೊಳಗೆ ಆ ವಾದ್ಯ ಹೊರಗೆ ಹೋಗ್ಬೇಕು. ಇಲ್ಲಾಂದ್ರೆ ನೀವೇ ಮನೆ ಖಾಲಿ ಮಾಡ್ಬೇಕಾಗುತ್ತೆ.”

“ಇಲ್ಲದ್ದನ್ನ ಎಲ್ಲಿಂದ ತಂದು ಹೊರಗೆ ಹಾಕ್ಲಿ ಅಧ್ಯಕ್ಷರೇ?”

“ಹಾಗಾದ್ರೆ ನಮ್ಮೆಲ್ಲರ ಕಿವಿ ಕೆಟ್ಟಿದ್ಯಾ?”

“ಬನ್ನಿ, ನೀವೇ ಹುಡುಕಿ. ಕಾಲುಚೀಲದಲ್ಲಿ ತೂತಿಲ್ಲ ತಾನೆ?”

ಸಭೆಯಿಂದ ನೇರ ಮೂರನೇ ಮಹಡಿ ಹತ್ತಿ, ಚಪ್ಪಲಿ ಕಳಚಿ ಒಳಗೆ ಹೋದೆವು. ಫೂಕಾ ನನ್ನ ಎದೆಗೆ ಕಟ್ಟಿದ ಚೀಲದಲ್ಲಿದ್ದಳು. ನುಕುಯಿ ಹಾಸಿಗೆಯ ಕಪಾಟು ತೆರೆದರು, ಬಾಲ್ಕನಿ ನೋಡಿದರು, ಬಚ್ಚಲ ತೊಟ್ಟಿಯ ಮುಚ್ಚಳವನ್ನೂ ಎತ್ತಿದರು.

“ಉಪ್ಪಿನಕಾಯಿ ಹಾಕಿಲ್ಲಪ್ಪ ಅದನ್ನ,” ಎಂದರು ಯಾಸುಯೊ.

ಇದ್ದದ್ದು ಒಂದು ಮೇಜು, ಕಂಪ್ಯೂಟರು, ಮೊಳದುದ್ದದ ಕೀಲಿಮಣೆ, ಎರಡು ಸ್ಪೀಕರು. ಯಾಸುಯೊ ಒಂದು ಗುಂಡಿ ಒತ್ತಿದರು. ಚೆಲ್ಲೊ ನಮ್ಮೆದುರೇ ನುಡಿಯಿತು. ನುಕುಯಿ ಥಟ್ಟನೆ ಹಿಂದೆ ತಿರುಗಿ ನೋಡಿದರು, ಬೆನ್ನ ಹಿಂದೆ ಯಾರೋ ಕೂತಿರುವ ಹಾಗೆ.

“ನಿಜವಾದ ವಾದಕರು ನುಡಿಸಿದ ಬಿಡಿ ಸ್ವರಗಳು ಇದ್ರೊಳಗಿವೆ. ಅವನ್ನ ಹಾಗೇ ಸಾಲಾಗಿ ಜೋಡಿಸಿದ್ರೆ ಕೀಲಿಗೊಂಬೆ ನುಡಿಸಿದ ಹಾಗಿರುತ್ತೆ,” ಎಂದು ಯಾಸುಯೊ ಪರದೆ ತೋರಿಸಿದರು. ಒಂದೊಂದು ಸ್ವರದ ಕೆಳಗೂ ಏರಿಳಿಯುವ ಗೆರೆಗಳು: ಕಮಾನು ಎಲ್ಲಿ ಒತ್ತುತ್ತದೆ, ಎಲ್ಲಿ ಹಿಂತಿರುಗುತ್ತದೆ, ಎಲ್ಲಿ ಕೈ ದಣಿಯುತ್ತದೆ. ಎಲ್ಲವನ್ನೂ ಅವರೇ ಎಳೆದದ್ದು. ರಾಗ ಶುರುವಾಗುವ ಮುಂಚೆ ಯಾರೋ ಮೂಗಿನಲ್ಲಿ ಉಸಿರೆಳೆದ ಸದ್ದು.

“ಈ ಉಸಿರು ಯಾರದು?” ತಡೆಯಲಾರದೆ ಕೇಳಿಬಿಟ್ಟೆ.

“ನಂದೇ. ಅದೊಂದನ್ನ ಮೈಕ್ ಇಟ್ಟು ನಾನೇ ತಗೊಂಡೆ.” ಆಮೇಲೆ ನನ್ನ ಕಡೆ ತಿರುಗಿ, “ಶ್ರುತಿ ತಪ್ಪುತ್ತೆ ಅಂತ ಬರೆದೋರು ನೀವಲ್ವಾ? ಆ ಮೇಲಿನ ಸ್ವರಕ್ಕೆ ಕೈ ಚಾಚಿದ್ರೆ ಮನುಷ್ಯರ ಬೆರಳು ಒಂಚೂರು ಕೆಳಗೇ ಬೀಳುತ್ತೆ. ಅಷ್ಟೇ ಅಷ್ಟು ಶ್ರುತಿ ತಪ್ಪೋ ಹಾಗೆ ಮಾಡೋಕೆ ನಂಗೆ ಹನ್ನೊಂದು ದಿನ ಹಿಡೀತು.”

ನನಗೆ ತಲೆ ಎತ್ತಲಾಗಲಿಲ್ಲ.

ನುಕುಯಿಗೆ ಮಾತ್ರ ನಿರಾಳ. “ಅಯ್ಯೋ, ಕಂಪ್ಯೂಟರ್ರಾ! ಮೊದಲೇ ಹೇಳೋದಲ್ವಾ? ಹೆಡ್‌ಫೋನ್ ಹಾಕ್ಕೊಂಡುಬಿಡಿ. ಅದು ಚೆಲ್ಲೊ ಅಲ್ಲ, ಬರೀ ಯಂತ್ರದ ಸದ್ದು ಅಂತ ಸುತ್ತೋಲೆ ಕಳಿಸ್ತೀವಿ. ಮುಗೀತು.”

“ಮುಗೀಲಿಲ್ಲ. ಹೆಡ್‌ಫೋನಲ್ಲಿ ಎಲ್ಲಾ ಚೆನ್ನಾಗೇ ಕೇಳುತ್ತೆ. ಗಾಳೀಲಿ ಹೊರಟು ಗೋಡೆಗೆ ತಾಗಿದಾಗ್ಲೇ ಸುಳ್ಳು ಸಿಕ್ಕಿಬೀಳೋದು. ರೇಡಿಯೊ, ಟೀವಿ ರಾತ್ರಿ ಒಂಬತ್ತರ ತನಕ ಹಾಕ್ಬಹುದು ಅಂತ ನಿಮ್ಮ ಪುಸ್ತಕದಲ್ಲೇ ಇದೆ. ನಂದೂ ಸ್ಪೀಕರೇ.”

“ಅಂದ್ರೆ ಯಂತ್ರ ಅಂತ ಒಪ್ಕೊಂಡ್ರಲ್ಲ!”

“ನಿಮ್ಮ ನಿಯಮಕ್ಕೆ ಯಂತ್ರ, ನಿಮ್ಮ ಕಿವಿಗೆ ಚೆಲ್ಲೊ. ಹತ್ತು ಮನೆಯೋರು ಹಾಗಂತ ಮುದ್ರೆ ಒತ್ತಿದ್ದೀರ. ಅದನ್ನ ಅಳಿಸೋಕೆ ನಾನು ಬಿಡಲ್ಲ.”

“ಎಷ್ಟು ಹಠ! ಇದು ಬರೀ ಹವ್ಯಾಸ ತಾನೆ?”

“ಹೊಟ್ಟೆಪಾಡಿಗೆ ಸಾರು ಕಲಕ್ತೀನಿ. ಅಲ್ಲಿ ಯಾರು ಏನಂದ್ರೂ ತಲೆ ಬಗ್ಗಿಸ್ತೀನಿ. ಇಲ್ಲಿ ಬಗ್ಗಿಸಲ್ಲ.”

ಹೊರಡುವಾಗ ಬಾಗಿಲಲ್ಲಿ ಯಾಸುಯೊ ನನ್ನನ್ನು ತಡೆದರು. “ಮಗು ಎಷ್ಟೊತ್ತಿಗೆ ಏಳುತ್ತೆ?”

“ಮೂರೂ ಮುಕ್ಕಾಲಿಗೆ...”

“ನಾಲ್ಕಕ್ಕೆ ಶುರುಮಾಡಿ ಐದಕ್ಕೆ ನಿಲ್ಲಿಸ್ತೀನಿ. ಮೇಲೆ ಬಂದು ಒಂದು ಮಾತು ಹೇಳಿದ್ರೆ ಆಗ್ತಿತ್ತು. ಅದಕ್ಕೆ ಹಲಗೆ ಯಾಕೆ ಬೇಕಿತ್ತು?”

ಸಂಜೆ ನುಕುಯಿ ಫೋನು ಮಾಡಿ ಸುತ್ತೋಲೆಯ ಒಕ್ಕಣೆ ಹೇಳಿದರು: ‘ಯಂತ್ರದ ಸದ್ದು.’ ಹ್ಞೂಂ ಎಂದೆ. ಪೆನ್ನು ಹಿಡಿದರೆ ಹೆದರಿಕೆ. ಇಲ್ಲೇ ಬಾಳಬೇಕು, ಕಸದ ಚೀಲ ಇಡುವಾಗ ದಿನಾ ನುಕುಯಿಯವರ ಮುಖ ನೋಡಬೇಕು, ನಾಳೆ ಫೂಕಾಳನ್ನು ಅವರ ಮೊಮ್ಮಗಳ ಶಿಶುವಿಹಾರಕ್ಕೇ ಸೇರಿಸಬೇಕು. ಎರಡು ಹಾಳೆ ಹರಿದೆ. ಮೂರನೆಯದರಲ್ಲಿ ಬರೆದೆ: ‘ಮಿತ್ಸುಹಾಶಿಯವರ ಮನೆಯಿಂದ ದಿನಾ ನಾಲ್ಕರಿಂದ ಐದರವರೆಗೆ ಚೆಲ್ಲೊ ಕೇಳುತ್ತದೆ. ನಿಯಮ ಮುರಿದಿಲ್ಲ.’

ಮೊದಲ ಮುದ್ರೆ ನನ್ನದೇ. ವಾರೆಯಾಗಿ ಬಿತ್ತು. ಯಾಸುಯೊ ಅವರದು ನೆಟ್ಟಗೆ, ಅಚ್ಚುಕಟ್ಟಾಗಿ ಬಿದ್ದಿದೆ. ವಾರದೊಳಗೆ ಒಂಬತ್ತಾದವು. ನುಕುಯಿಯವರ ಚೌಕ ಮಾತ್ರ ಖಾಲಿ. ಅವರು ಹಲಗೆಯನ್ನು ಸುಮ್ಮನೆ ನನ್ನ ಬಾಗಿಲಿಗೆ ತೂಗುಹಾಕಿ ಹೋಗುತ್ತಾರೆ. ನಾನು ಫೂಕಾಳನ್ನು ಎತ್ತಿಕೊಂಡು ಕೆಳಗಿಳಿದು, ಅದನ್ನು ಮತ್ತೆ ಅವರ ಬಾಗಿಲಿಗೇ ತೂಗುಹಾಕಿ ಬರುತ್ತೇನೆ.