ದೊಡ್ಡ ಸೆನ್ಸರಿನ ತೀರ್ಪು

ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ. ಅದಕ್ಕೆ ಬೇರೊಂದು ಮರ್ಯಾದೆಯ ಹೆಸರಿಡಲು ಎಷ್ಟೋ ದಿನ ಹೆಣಗಿದೆ, ಆಗಲಿಲ್ಲ. ಲಾಕ್‌ಡೌನಿನ ಮೊದಲ ವರ್ಷ ನಮ್ಮ ಎದುರು ಮನೆಯಾತ ಅಂಗೈಯಗಲದ ಮಿರರ್‌ಲೆಸ್ ಕ್ಯಾಮೆರಾ ತರಿಸಿಕೊಂಡ ದಿನ ಅದು ಶುರುವಾಯಿತು.

ಮಲೇಷ್ಯಾದ ಪುಚೊಂಗಿನಲ್ಲಿ ನಾವಿರುವ ಕಾಂಡೊ ಅಪಾರ್ಟ್‌ಮೆಂಟಿನಲ್ಲಿ ಕನ್ನಡದವರ ಮನೆ ಏಳೆಂಟು. ನಾಮಕರಣವಿರಲಿ, ಗೌರಿ ಹಬ್ಬವಿರಲಿ, "ಫೋಟೋಗೆ ಅವರನ್ನ ಕರೀರಿ" ಎಂದರೆ ಅದು ನಾನೇ. ಸೈಬರ್‌ಜಯಾದ ಆಫೀಸಿನಲ್ಲಿ ನನ್ನನ್ನು ಕೇಳುವವರಿರಲಿಲ್ಲ. ಇಲ್ಲಿ ಮಾತ್ರ ನನಗೊಂದು ಸ್ಥಾನವಿತ್ತು. ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವ ಫುಲ್ ಫ್ರೇಮ್ ಕ್ಯಾಮೆರಾ, ಮೊಣಕೈಯುದ್ದದ ಲೆನ್ಸ್, ಹೆಗಲಿಗೊಂದು ಚೀಲ. ಆ ಭಾರಕ್ಕೆ ನನ್ನ ಬಲ ಮಣಿಕಟ್ಟು ಊದಿಕೊಂಡಿದ್ದನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ಎದುರು ಮನೆಯಾತ ಮೈಸೂರಿನವನು, ನನಗಿಂತ ಚಿಕ್ಕವನು. ಕ್ಯಾಮೆರಾ ಸದಾ ಅವನ ಜೇಬಿನಲ್ಲೇ. ಲಿಫ್ಟಿನಲ್ಲಿ ಮಾಸ್ಕ್ ಹಾಕಿಕೊಂಡ ಅಜ್ಜಿ, ಬಾಲ್ಕನಿಯ ಮೈನಾ, ಒಗ್ಗರಣೆಯ ಹೊಗೆ, ಎಲ್ಲವೂ ನಮ್ಮ ವಾಟ್ಸಾಪ್ ಗುಂಪಿಗೆ ಬರುತ್ತಿತ್ತು. ಅದಕ್ಕೆ "ಅಬ್ಬಾ!" ಎನ್ನುವುದೇನು, "ಸೂಪರ್!" ಎನ್ನುವುದೇನು! ನನ್ನ ಮೈಯೆಲ್ಲ ಉರಿದುಹೋಗುತ್ತಿತ್ತು.

"ನೀವೂ ಹಿಡಿದು ನೋಡಿ ಸಾರ್," ಎಂದು ಒಂದು ದಿನ ಬಾಗಿಲಲ್ಲೇ ಕೊಟ್ಟ.

ಹಿಡಿದೆ. ಮಣಿಕಟ್ಟಿಗೆ ಹಾಯೆನಿಸಿತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

"ಸೆನ್ಸರ್ ಚಿಕ್ಕದು. ಮಬ್ಬು ಬೆಳಕಲ್ಲಿ ಚಿತ್ರದ ತುಂಬಾ ಕಾಳು ಕಾಳು ಬರತ್ತೆ," ಎಂದೆ.

"ಸ್ವಲ್ಪ ಬರತ್ತೆ ಸಾರ್. ಆದ್ರೆ ಯಾವಾಗ್ಲೂ ಜೊತೇಲಿರತ್ತಲ್ಲ."

ನನ್ನ ಹೆಂಡತಿಯೂ ಅವನ ಕಡೆಯೇ. "ನೀವೂ ಅದನ್ನೇ ತಗೊಳ್ರೀ. ದಿನಾ ಕೈಗೆ ಎಣ್ಣೆ ತಿಕ್ಕೋದಾದ್ರೂ ತಪ್ಪತ್ತೆ."

ಕದ್ದುಮುಚ್ಚಿ ಲೆಕ್ಕ ಹಾಕಿದೆ. ತೂಕ, ಗಾತ್ರ, ನೋವು: ಚಿಕ್ಕದೇ ಗೆದ್ದಿತು. ಮಬ್ಬು ಬೆಳಕು, ಹಿನ್ನೆಲೆಯನ್ನು ಬೆಣ್ಣೆಯಂತೆ ಕರಗಿಸುವ ಮಸುಕು, ನನ್ನ ಹಳೆಯ ಲೆನ್ಸುಗಳು: ದೊಡ್ಡದು ಗೆದ್ದಿತು. 'ಅವನು ಇಟ್ಟುಕೊಂಡಿದ್ದನ್ನು ನಾನೂ ಇಟ್ಟುಕೊಳ್ಳಬೇಕೇ?' ಎಂಬುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಆದರೆ ಎಲ್ಲಕ್ಕಿಂತ ಭಾರವಾಗಿದ್ದುದು ಅದೇ. ದೊಡ್ಡದನ್ನೇ ಉಳಿಸಿಕೊಂಡೆ.

ಹತ್ತು ವರ್ಷದ ಮಗಳು ಆಗ ಆನ್‌ಲೈನ್ ಕ್ಲಾಸಿನ ಬೇಜಾರಿಗೆ ಉಗುರಿಗೆ ನೀಲಿ ಬಣ್ಣ ಬಳಿದುಕೊಳ್ಳುತ್ತಿದ್ದಳು. ಒಂದು ದಿನ ಆ ಬಣ್ಣ ನನ್ನ ಲೆನ್ಸಿನ ಮುಚ್ಚಳಕ್ಕೆ ಮೆತ್ತಿತು. ಮನೆಯ ಸೂರು ಹಾರಿಹೋಗುವಂತೆ ಕೂಗಾಡಿದೆ. ಅಂದಿನಿಂದ ನಾನು ಕ್ಯಾಮೆರಾ ಎತ್ತಿದರೆ ಅವಳು ತುಟಿ ಬಿಗಿದು ಎದ್ದು ಹೋಗುತ್ತಿದ್ದಳು. ನಿಯಮ ಸಡಿಲವಾದ ಮೇಲೆ ಅವಳು ಇರುತ್ತಿದ್ದುದೇ ಎದುರು ಮನೆಯಲ್ಲಿ, ಅವರ ಮಗಳ ಜೊತೆ. ಅದಕ್ಕೂ ನನಗೆ ಹೊಟ್ಟೆಯುರಿ.

ಆ ಸಲ ರಾಜ್ಯೋತ್ಸವ ವಿಡಿಯೋ ಕಾಲ್‌ನಲ್ಲೇ ನಡೆಯಿತು. ಫೋಟೋ ಸ್ಪರ್ಧೆಯೂ ಇತ್ತು. ಸ್ಪರ್ಧಿಸಿ ಅವನ ಕೈಲಿ ಸೋಲುವ ಬದಲು ತೀರ್ಪುಗಾರನಾಗಿ ಮೇಲೆ ಕೂರೋಣವೆಂದು ನಾನೇ ಮುಂದೆ ಬಿದ್ದು ಒಪ್ಪಿಕೊಂಡೆ. ತೆಗೆದವರ ಹೆಸರು ಮುಚ್ಚಿಟ್ಟಿದ್ದರು.

ಐದನೆಯ ಚಿತ್ರ ಬಂದಾಗ ಪರದೆಗೆ ಬಾಗಿದೆ. ಮಗುವೊಂದರ ಕೈ. ಬೆರಳಿಗೆ ದಾರ ಸಿಕ್ಕಿಸಿ ತೂಗುಹಾಕಿಕೊಂಡ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡ ಪಾರ್ಸೆಲ್ ಟೀ, ಇಲ್ಲಿಯವರ 'ತಪಾವ್'. ಉಗುರಲ್ಲಿ ಅರ್ಧ ಉದುರಿದ ನೀಲಿ. ಹಿಂದೆ ನಮ್ಮ ಬೀದಿಯ ಮಾಮಕ್ ಹೋಟೆಲಿನ ಸಂಜೆ ದೀಪಗಳು ಕರಗಿ ಹೋಗಿದ್ದವು.

"ನೋಡಿ, ಆ ಹಿನ್ನೆಲೆ ನೋಡಿ!" ಎಂದೆ. "ಇದು ಚಿಕ್ಕ ಸೆನ್ಸರಿನ ಕೈಲಾಗೋ ಕೆಲಸ ಅಲ್ಲ. ಕಣ್ಣು ಮುಚ್ಚಿ ಹೇಳ್ತೀನಿ, ಫುಲ್ ಫ್ರೇಮೇ. ಮೊದಲನೇ ಬಹುಮಾನ ಇದಕ್ಕೇ."

ಪರದೆಯಲ್ಲಿ ಎದುರು ಮನೆಯಾತ ತಲೆ ತಗ್ಗಿಸಿದ. ಸೋತನೆಂದು ಒಳಗೊಳಗೇ ಹಿಗ್ಗಿದೆ. ಅಷ್ಟರಲ್ಲಿ ಕಾರ್ಯಕ್ರಮ ನಡೆಸುತ್ತಿದ್ದವರು ಹೆಸರು ಓದಿದರು. ಅವನದೇ! ಎಲ್ಲರೂ ಗೊಳ್ಳೆಂದು ನಕ್ಕರು. ನನ್ನ ಮುಖ ಹುಳ್ಳಗಾಯಿತು.

"ಹತ್ತಿರ ಹೋಗಿ ತೆಗೆದೆ ಸಾರ್, ಅಷ್ಟೇ," ಎಂದ ಅವನು, ಪಾಪ, ಸಂಕೋಚದಿಂದ.

ಪಕ್ಕದಲ್ಲಿ ಕುಳಿತಿದ್ದ ಮಗಳು ಮೆಲ್ಲಗೆ ಹೇಳಿದಳು. "ಅಪ್ಪಾ, ದಟ್ಸ್ ಮೈ ಹ್ಯಾಂಡ್ ಲಾ. ದಟ್ ಟೀ ಆಲ್ಸೋ ಐ ಬಾಟ್ ಫಾರ್ ಯೂ."

ಪರದೆ ನೋಡಿದೆ. ಮೇಜಿನ ಅಂಚಿನಲ್ಲಿದ್ದ ಅವಳ ಕೈ ನೋಡಿದೆ. ಅದೇ ನೀಲಿ.

"ನಂಗೆ ಗೊತ್ತಾಗ್ಲಿಲ್ಲ ಪುಟ್ಟಾ."

"ಇಟ್ಸ್ ಓಕೆ ಅಪ್ಪಾ. ಯೂ ವರ್ ಲುಕಿಂಗ್ ಅಟ್ ದ ಬ್ಲರ್."

ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಎದುರು ಮನೆಯ ಅಂಕಲ್‌ಗೆ ಚಪ್ಪಾಳೆ ತಟ್ಟಲು ಆ ಕೈ ಎತ್ತಿದಳು.