ಎಸ್ಟೇಟ್ ಡೈರಿಯ ಒಂದು ಸಾಲು

ಪಿಯುಸಿ ಇಂಗ್ಲಿಷಿನಲ್ಲಿ ಒಳ್ಳೆಯ ಅಂಕ ತೆಗೆದ ಜಂಬ ಹೊತ್ತುಕೊಂಡೇ ನಾನು ಮಲ್ಲಂದೂರು ಕಡೆಯ ಕಾಫಿ ಎಸ್ಟೇಟೊಂದಕ್ಕೆ ಸಹಾಯಕ ರೈಟರ್ ಆಗಿ ಸೇರಿದ್ದು, ತೊಂಬತ್ತರ ದಶಕದ ಶುರುವಿನಲ್ಲಿ. ಕಾಗದಪತ್ರವೆಲ್ಲ ನೋಡಿಕೊಳ್ಳುತ್ತಿದ್ದ ಹಿರಿಯ ರೈಟರು ಓದಿದ್ದು ಏಳನೇ ಕ್ಲಾಸು. ಎಸ್ಟೇಟ್ ಡೈರಿಯನ್ನು ಇಂಗ್ಲಿಷಿನಲ್ಲೇ ಬರೆಯುವ ಪದ್ಧತಿ ಬ್ರಿಟಿಷ್ ದೊರೆಗಳ ಕಾಲದಿಂದ ಬಂದಿತ್ತು. ದಿನಕ್ಕೆ ಒಂದೇ ಸಾಲು. ಎಷ್ಟು ಇಂಚು ಮಳೆ, ಯಾವ ಬ್ಲಾಕಿನಲ್ಲಿ ಏನು ಕೆಲಸ, ಆಳುಗಳ ಲೈನ್ ಮನೆಗಳಲ್ಲಿ ಯಾರಿಗೆ ಜ್ವರ, ಯಾರಿಗೆ ಹೆರಿಗೆ, ಎಲ್ಲವನ್ನೂ ಅವರು ಆ ಸಾಲಿನಲ್ಲಿ ಹಿಡಿಸುತ್ತಿದ್ದರು. ನನಗೆ ಒಂದು ಪುಟ ಬೇಕಾಗುತ್ತಿದ್ದ ದಿನ ಅವರ ಕೈಯಲ್ಲಿ ಗೇಣುದ್ದಕ್ಕೆ ಮುಗಿಯುತ್ತಿತ್ತು. ಬೆರಗಾಗುತ್ತಿದ್ದೆ, ಒಪ್ಪಿಕೊಳ್ಳಲು ಮಾತ್ರ ಮನಸ್ಸಿರಲಿಲ್ಲ.

ಗುಟ್ಟೆಲ್ಲ ಅವರು ಪದ ಕತ್ತರಿಸುವ ರೀತಿಯಲ್ಲಿತ್ತು. ಎಸ್ಟೇಟಿಗೆ Est., ಆಸ್ಪತ್ರೆಗೆ Hosp. ಕತ್ತರಿಸಿದ ಕಡೆ ಚುಕ್ಕಿ ತಪ್ಪುವಂತಿಲ್ಲ. ಇವತ್ತು ಹೇಗೆ ಕತ್ತರಿಸಿದರೋ ಹತ್ತು ವರ್ಷ ಬಿಟ್ಟೂ ಹಾಗೇ.

"ಚುಕ್ಕಿ ಇಟ್ರೆ ಇಲ್ಲಿ ಇನ್ನೂ ಅಕ್ಷರ ಇದಾವೆ ಅಂತ ಓದೋನಿಗೆ ಗೊತ್ತಾಗುತ್ತೆ ಮಾರಾಯ. ಅವ್ನು ಓದೋ ಹೊತ್ಗೆ ಕೇಳೋಣ ಅಂದ್ರೆ ನಾವಿಬ್ರೂ ಇರಲ್ಲ" ಎನ್ನುತ್ತಿದ್ದರು.

ಒಮ್ಮೆ ಮಗಳ ಮದುವೆಗೆಂದು ಅವರು ವಾರ ರಜೆ ಹೋದಾಗ ಡೈರಿ ನನ್ನ ಕೈಗೆ ಬಂತು. ಅವರನ್ನೂ ಮೀರಿಸಬೇಕೆಂದು ಆಳುಗಳ ಹೆಸರನ್ನೇ ಒಂದೊಂದು ಅಕ್ಷರಕ್ಕೆ ಇಳಿಸಿದೆ. ವಾಪಸು ಬಂದವರು ಪುಟ ನೋಡಿ ಕನ್ನಡಕ ತೆಗೆದಿಟ್ಟರು.

"ಪದ ಎಷ್ಟು ಬೇಕಾದ್ರೂ ಕಡಿ. ಮನುಷ್ಯರ ಹೆಸರು ಕಡೀಬೇಡ."

ಆ ಮಧ್ಯಾಹ್ನವೇ ಲೈನಿಗೆ ಅಟ್ಟಿದರು. ನಾನು ಮನೆಮನೆಗೆ ಹೋಗಿ, ಹೆಸರು ಕೇಳಿ ಬಂದು, ಪ್ರತಿ ಸಾಲಿನ ಕೆಳಗೆ ಪೂರ್ತಿ ಬರೆಯಬೇಕಾಯಿತು. ಪಕ್ಕದಲ್ಲಿ ಅವರು ರುಜು ಹಾಕಿ ತಾರೀಕು ನಮೂದಿಸಿದರು. ಏಳನೇ ಕ್ಲಾಸಿನವರಿಂದ ನಾನು ಹೇಳಿಸಿಕೊಳ್ಳಬೇಕೇ ಎಂದು ನನಗೆ ಮೈಯೆಲ್ಲ ಉರಿದಿತ್ತು.

ಹದಿನೇಳು ವರ್ಷ ಕಳೆಯಿತು. ಹಿರಿಯ ರೈಟರು ತೀರಿಕೊಂಡು, ಅವರ ಕುರ್ಚಿಯಲ್ಲಿ ನಾನಿದ್ದೆ. ಮೂರನೇ ಲೈನಿನ ಹೆಂಗಸೊಬ್ಬಳು ಮಗಳನ್ನು ಕರೆದುಕೊಂಡು ಆಫೀಸಿಗೆ ಬಂದಳು. ಹುಡುಗಿಗೆ ನರ್ಸಿಂಗ್ ಸೀಟು ಸಿಗುವುದರಲ್ಲಿತ್ತು. ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ಹುಟ್ಟಿದ ದಿನವನ್ನು ಅಂದಾಜಿಗೆ ಜೂನ್ ಒಂದು ಎಂದು ಬರೆದಿದ್ದರಿಂದ ಸೀಟಿಗೆ ಬೇಕಾದ ವಯಸ್ಸಿಗೆ ಎರಡು ತಿಂಗಳು ಕಡಿಮೆ ಬೀಳುತ್ತಿತ್ತು. ಹುಟ್ಟಿದ ಕಾಲದ ದಾಖಲೆ ತೋರಿಸದಿದ್ದರೆ ಸೀಟು ಹೋಗುತ್ತಿತ್ತು.

"ರೈಟ್ರೇ, ಇವ್ಳು ಹುಟ್ಟಿದ್ದು ಹೂವಿನ ಮಳೆ ಬಿದ್ದ ದಿನ. ನಂಗೊತ್ತಿರೋದು ಅಷ್ಟೇ. ನೀವೇ ಹುಡ್ಕಿಕೊಡ್ಬೇಕು" ಎಂದಳು ತಾಯಿ.

ಕಾಫಿ ಗಿಡದಲ್ಲಿ ಹೂ ಅರಳಿಸುವ ಮಾರ್ಚಿನ ಆ ಮಳೆಯನ್ನು ಡೈರಿಯಲ್ಲಿ ಹುಡುಕುವುದು ಕಷ್ಟವಲ್ಲ. ಆ ವರ್ಷದ ಪುಸ್ತಕ ತೆಗೆದೆ. ಪುಟ ಸಿಕ್ಕಿತು. ಅಕ್ಷರ ನನ್ನದೇ, ಹಿರಿಯರು ಮದುವೆಗೆಂದು ರಜೆ ಹೋಗಿದ್ದ ವಾರ ಅದೇ. ಮಳೆ ಒಂದೂಕಾಲು ಇಂಚು, ಮೂರನೇ ಲೈನಿನಲ್ಲಿ ಎಸ್. ಎಂಬವಳಿಗೆ ಹೆಣ್ಣುಮಗು, 4.10 a.m. ಎಸ್. ಎಂದರೆ ಆ ಲೈನಿನಲ್ಲೇ ನಾಲ್ವರಿದ್ದರು.

ಅದರ ಕೆಳಗೆ, ಸಿಟ್ಟಿನಲ್ಲಿ ಒತ್ತಿ ಬರೆದ ಅಕ್ಷರದಲ್ಲಿ, ತಾಯಿಯ ಹೆಸರು, ತಂದೆಯ ಹೆಸರು, ಪೂರ್ತಿ. ಪಕ್ಕದಲ್ಲಿ ಹಿರಿಯರ ರುಜು. ಅವರಿದ್ದಿದ್ದರೆ ಅವತ್ತು ಕಾಲಿಗೆ ಬೀಳುತ್ತಿದ್ದೆ.

ಆ ಪುಟದಿಂದ ಹುಡುಗಿಯ ಸೀಟು ಉಳಿಯಿತು, ಅದು ಆಮೇಲಿನ ಮಾತು. ಆ ಹೊತ್ತಿನಲ್ಲಿ, ಓದು ಬರದ ತಾಯಿ ಸೆರಗಿಗೆ ಕೈ ಒರೆಸಿಕೊಂಡು, ಸಾಲಿನ ಮೇಲೆ ಬೆರಳಿಟ್ಟಳು.

"ಇದು ನನ್ ಹೆಸ್ರಾ? ಇಷ್ಟುದ್ದ ಇದ್ಯಾ?"