ಹೊಸದುರ್ಗದ ಇದ್ದಿಲ ಹಗೇವು

ಪೆಟ್ರೋಲ್ ಬೆಲೆ ಗಗನಕ್ಕೇರಿದ್ದ ಕಾಲ. ಅದರ ಬದಲು ವಾಹನಕ್ಕೆ ಬಳಸಲು ನೈಸರ್ಗಿಕ ಅನಿಲವನ್ನು ಇದ್ದಿಲಿನ ಕಣ್ಣಿಗೆ ಕಾಣದ ರಂಧ್ರಗಳಲ್ಲಿ ತುಂಬಿಡುವ ಹುಚ್ಚು ಬೆಂಗಳೂರಿನ ನಮ್ಮ ಪ್ರಯೋಗಾಲಯಕ್ಕೆ ಹಿಡಿದಿತ್ತು. ಖಾಲಿ ಸಿಲಿಂಡರಿಗಿಂತ ಇದ್ದಿಲು ತುರುಕಿದ ಸಿಲಿಂಡರಿಗೇ ಹೆಚ್ಚು ಅನಿಲ ಹಿಡಿಯುತ್ತದೆಂದರೆ ನನ್ನ ಹೆಂಡತಿ ಇಂದಿಗೂ ನಂಬುವುದಿಲ್ಲ. ಇದಕ್ಕೆ ತೆಂಗಿನ ಚಿಪ್ಪಿನ ಇದ್ದಿಲೇ ಒಳ್ಳೆಯದು. ಅದನ್ನು ತರಲು ಬೆಳಗಿನ ಕೆಂಪು ಬಸ್ಸು ಹತ್ತಿದೆ.

ಹಿರಿಯೂರಿನಲ್ಲಿ ಇಳಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಹೊಸದುರ್ಗದ ಬಸ್ಸು ಹಿಡಿದೆ. ಪಕ್ಕದವರ ಬುಟ್ಟಿಯ ಕೋಳಿ ದಾರಿಯುದ್ದಕ್ಕೂ ನನ್ನ ಪ್ಯಾಂಟು ಕುಕ್ಕಿತು.

ಇದ್ದಿಲು ಸುಡುವ ರಂಗಪ್ಪನ ಮನೆ ಹೊಸದುರ್ಗದಾಚೆ, ರಸ್ತೆ ಪಕ್ಕದಲ್ಲೇ ಇತ್ತು. ಅವನ ಹೆಂಡತಿ ಗೌರಮ್ಮ "ಬರ್ರಿ ಸಾರ್, ಕುಂತ್ಕಳ್ರಿ" ಎಂದು ಮಜ್ಜಿಗೆ ಕೊಟ್ಟಳು. ಹೊಸದಾಗಿ ಸುಟ್ಟ ಇದ್ದಿಲು ಮಳೆಗೆ ನೆನೆಯದಿರಲೆಂದು ಅದನ್ನು ಅಂಗಳದ ಹಗೇವಿಗೆ, ಅಂದರೆ ಕಾಳು ತುಂಬುವ ಆಳದ ನೆಲಗುಳಿಗೆ, ಸುರಿದು ಬಾಯಿ ಮುಚ್ಚಿ ಮಣ್ಣು ಮೆತ್ತಿದ್ದರು.

ಹಗೇವಿಗೆ ಇಳಿಯುವ ಮುಂಚೆ ಆ ಸೀಮೆಯವರು ದೀಪ ಇಳಿಬಿಟ್ಟು ನೋಡುತ್ತಾರೆ. ದೀಪ ನಂದಿದರೆ ಯಾರೂ ಇಳಿಯುವುದಿಲ್ಲ. ರಂಗಪ್ಪ ಹಗೇವಿನ ಬಾಯಿ ತೆರೆದು, ಪದ್ಧತಿಯಂತೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ತುದಿಯನ್ನು ನಮ್ಮ ಕೈಗೆ ಕೊಟ್ಟ, ದೀಪ ಮಾತ್ರ ಬೇಡವೆಂದ.

"ಜೋಳಕ್ಕಾದ್ರೆ ಉಸಿರೈತೆ, ಒಳಗೆ ಗಾಳಿ ಕೆಡ್ತೈತೆ. ಸುಟ್ಟ ಇದ್ದಿಲಿಗೆ ಎಲ್ಲೈತೆ ಸಾರ್ ಉಸಿರು?" ಎಂದು ನಕ್ಕ. ನಾನೂ ನಕ್ಕೆ.

ಅವನು ಇಳಿದ. "ಚೀಲ ಬಿಡ್ರಿ" ಎಂಬ ದನಿ ಬಂತು. ಚೀಲ ಬಿಟ್ಟೆ. ಆಮೇಲೆ ಸದ್ದಿಲ್ಲ. ಹಗ್ಗ ಒಮ್ಮೆಲೇ ಭಾರವಾಯಿತು.

"ಏನ್ರೀ! ಮಾತಾಡ್ರೀ!" ಗೌರಮ್ಮ ಕಿರುಚಿದಳು. ಇಳಿಯಹೋದ ನನ್ನ ಅಂಗಿ ಹಿಡಿದೆಳೆದಳು. "ನೀವೂ ಹೆಣ ಆಗ್ತೀರಾ? ಹಗ್ಗ ಎಳೀರಿ!"

ಓಡಿಬಂದ ನೆರೆಯವರ ಜೊತೆ ಸೇರಿ ಎಳೆದೆವು. ರಂಗಪ್ಪನ ತುಟಿ ನೀಲಿಗಟ್ಟಿತ್ತು. ಎದೆ ಅಲುಗುತ್ತಿರಲಿಲ್ಲ. ನಾನು ಅವನ ಸೊಂಟದ ಹಗ್ಗ ಬಿಚ್ಚಿದೆ. ಗೌರಮ್ಮ ಅವನ ಬೆನ್ನು ಗುದ್ದಿದಳು, ಎದೆ ಒತ್ತಿದಳು, ಮೊರದಿಂದ ಗಾಳಿ ಬೀಸಿದಳು. ಕೊನೆಗೆ ಅವನು ಕೆಮ್ಮಿದ.

ನೆರೆಯವನೊಬ್ಬ ಲಾಟೀನು ಇಳಿಬಿಟ್ಟ. ಸ್ವಲ್ಪ ಕೆಳಗೆ ಹೋಗಿದ್ದೇ ದೀಪ ಪುಸಕ್ಕೆಂದು ನಂದಿತು. ಗುಳಿಯೊಳಗಿನ ಪ್ರಾಣವಾಯುವನ್ನು ಆ ಇದ್ದಿಲೇ ನುಂಗಿ ಕೂತಿತ್ತು! ರಂಧ್ರಗಳ ಬಗ್ಗೆ ದಿನವಿಡೀ ಮಾತಾಡುವ ನನಗೇ ಅದು ಹೊಳೆದಿರಲಿಲ್ಲ.

ನಂದಿದ ದೀಪ ಕಂಡದ್ದೇ ಗೌರಮ್ಮ ಎಲ್ಲರೆದುರು ಗಂಡನ ಕೆನ್ನೆಗೆ ಬಾರಿಸಿದಳು. "ದೀಪ ಬ್ಯಾಡ ಅಂದ್ಯಲ್ಲೋ! ನನ್ನ ಏನ್ಮಾಡಾಣ ಅಂತಿದ್ದಿ!" ಎಂದವಳೇ ಅವನನ್ನು ತಬ್ಬಿ ಗೊಳೋ ಎಂದು ಅತ್ತಳು.

ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಹೋಗುವ ಬಸ್ಸು ಬಂತು. ಬರಿಗೈಯಲ್ಲೇ ಹತ್ತಿ ತಿರುಗಿ ನೋಡಿದೆ. ಅವಳ ಅಂಗೈ ಇನ್ನೂ ಅವನ ಎದೆಯ ಮೇಲೇ ಇತ್ತು.